ಟೈಮಿಂಗ್ ಲೈಟ್ ಒಂದು ಹೇಳುತ್ತದೆ, ಎಂಜಿನ್ ಇನ್ನೊಂದು ಹೇಳುತ್ತದೆ

ಪ್ರಶ್ನೆ: ನನ್ನ ಬಳಿ ಕಾರ್ಬ್ಯುರೇಟರ್ ಮತ್ತು ಸಿ.ಬಿ. ಪಾಯಿಂಟ್ (ಕಿಡಿ ಹುಟ್ಟಿಸಲು ತೆರೆದು ಮುಚ್ಚುವ ಸಂಪರ್ಕ) ಇರುವ ನಾಲ್ಕು ಸಿಲಿಂಡರಿನ ಹಳೆಯ ಪೆಟ್ರೋಲ್ ಕಾರು ಇದೆ. ಕೈಪಿಡಿಯಲ್ಲಿರುವಂತೆ ಟೈಮಿಂಗ್ ಲೈಟ್ (ಕಿಡಿ ಬಿದ್ದಾಗಲೆಲ್ಲ ಮಿನುಗಿ ಪುಲ್ಲಿಯ ಗುರುತನ್ನು ತೋರಿಸುವ ದೀಪ) ಹಿಡಿದು, ಟಿಡಿಸಿಗಿಂತ (ಪಿಸ್ಟನ್ ತೀರಾ ಮೇಲೆ ತಲುಪುವ ಬಿಂದುವಿಗಿಂತ) 8 ಡಿಗ್ರಿ ಮೊದಲು ಕಿಡಿ ಬೀಳುವಂತೆ ಹೊಂದಿಸಿದರೆ ಪಿಕಪ್ ಇರುವುದಿಲ್ಲ, ಏರಿನಲ್ಲಿ ಗಾಡಿ ಏದುಸಿರು ಬಿಡುತ್ತದೆ, ಬೇಗ ಬಿಸಿಯಾಗುತ್ತದೆ, ಸೈಲೆನ್ಸರಿನಲ್ಲಿ ಪಟಪಟ ಸದ್ದು ಬರುತ್ತದೆ. ಲೈಟನ್ನು ಪಕ್ಕಕ್ಕಿಟ್ಟು ಸದ್ದು ಕೇಳುತ್ತಾ ಡಿಸ್ಟ್ರಿಬ್ಯೂಟರ್ (ಪ್ಲಗ್ಗುಗಳಿಗೆ ಕಿಡಿ ಹಂಚುವ ಭಾಗ) ತಿರುಗಿಸಿದರೆ ಚೆನ್ನಾಗಿ ಓಡುತ್ತದೆ, ಏರಿನಲ್ಲೂ ನಾಕಿಂಗ್ ಇಲ್ಲ. ಆದರೆ ಆಗ ಲೈಟ್ 22 ಡಿಗ್ರಿ ತೋರಿಸುತ್ತದೆ. ಮೆಕ್ಯಾನಿಕ್ ‘ಹಾಗೇ ಬಿಡಿ’ ಎನ್ನುತ್ತಾರೆ. ಯಾವುದನ್ನು ನಂಬಲಿ?

ಉತ್ತರ: ಸದ್ಯಕ್ಕೆ ಎರಡನ್ನೂ ನಂಬಬೇಡಿ. ನಿಮ್ಮ ಪತ್ರದಲ್ಲಿ ಅತ್ಯಂತ ಉಪಯುಕ್ತವಾದ ಮಾತು ‘ಏರಿನಲ್ಲೂ ನಾಕಿಂಗ್ ಇಲ್ಲ’ ಎಂಬುದು. ಮೂಲ ಟೈಮಿಂಗ್ (ಐಡಲಿಂಗಿನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದಿರುವಾಗ, ಹೊಂದಿಸುವ ಟೈಮಿಂಗ್) ನಿಜವಾಗಿಯೂ 22 ಡಿಗ್ರಿ ಇದ್ದಿದ್ದರೆ, ವೇಗ ಹೆಚ್ಚಿದಂತೆ ಡಿಸ್ಟ್ರಿಬ್ಯೂಟರಿನೊಳಗಿನ ತೂಕದ ಗುಂಡುಗಳು ಇನ್ನೂ 20 ಡಿಗ್ರಿಗೂ ಮಿಕ್ಕಿ ಅಡ್ವಾನ್ಸ್ (ಕಿಡಿ ಮುಂಚೆ ಬೀಳುವಂತೆ ಮಾಡುವುದು) ಸೇರಿಸಿ, ಒಟ್ಟು ಮೊತ್ತ 40 ದಾಟುತ್ತಿತ್ತು. ಹಳೆಯ ಎಂಜಿನ್ನುಗಳಲ್ಲಿ ಬಹುಪಾಲಿನವು ಪೂರ್ಣ ಭಾರದಲ್ಲಿ ತಾಳಿಕೊಳ್ಳುವುದು 30ರಿಂದ 36 ಡಿಗ್ರಿಯಷ್ಟನ್ನು ಮಾತ್ರ. ಅದಕ್ಕಿಂತ ಹೆಚ್ಚಾದರೆ ಏರಿನಲ್ಲಿ ಡಬ್ಬಿಯೊಳಗೆ ಗೋಲಿ ಅಲ್ಲಾಡಿಸಿದಂಥ ಸದ್ದು ಕೇಳಿಸಲೇಬೇಕು. ಕೇಳಿಸುತ್ತಿಲ್ಲವೆಂದರೆ ಆ 22 ಎಂಬ ಅಂಕಿಯೇ ಸುಳ್ಳಿರಬೇಕು, ಮತ್ತು 8 ಎಂದು ಲೈಟ್ ತೋರಿಸಿದಾಗ ಕಿಡಿ ಬೀಳುತ್ತಿದ್ದದ್ದು ಪಿಸ್ಟನ್ ಕೆಳಗಿಳಿಯಲು ಆರಂಭಿಸಿದ ಮೇಲೆ ಇರಬೇಕು. ಬಿಸಿ, ನಿಶ್ಶಕ್ತಿ, ಸೈಲೆನ್ಸರಿನ ಸದ್ದು ಮೂರೂ ತಡವಾದ ಕಿಡಿಯ ಲಕ್ಷಣಗಳೇ.

ಮೊದಲ ಅನುಮಾನ, ಖರ್ಚಿಲ್ಲದ್ದು: ಲೈಟ್ ಹಿಡಿಯುವಾಗ ವ್ಯಾಕ್ಯೂಮ್ ಪೈಪನ್ನು (ಎಂಜಿನ್ನಿನ ಗಾಳಿಯ ಎಳೆತದಿಂದ ಕಿಡಿಯನ್ನು ಮುಂಚಿತಗೊಳಿಸುವ ಸಣ್ಣ ಪೈಪು) ಡಿಸ್ಟ್ರಿಬ್ಯೂಟರಿನಿಂದ ಬಿಡಿಸಿ ಅದರ ಬಾಯಿ ಮುಚ್ಚಿದ್ದಿರೇ? ಕೆಲವು ಗಾಡಿಗಳಲ್ಲಿ ಈ ಪೈಪಿಗೆ ಐಡಲಿಂಗಿನಲ್ಲೇ ಪೂರ್ತಿ ಎಳೆತ ಸಿಗುವುದರಿಂದ, ಪೈಪು ಹಾಗೆಯೇ ಇದ್ದರೆ ಲೈಟ್ ತೋರಿಸುವುದು ಮೂಲ ಟೈಮಿಂಗ್ ಮತ್ತು ವ್ಯಾಕ್ಯೂಮ್ ಅಡ್ವಾನ್ಸ್ ಎರಡರ ಮೊತ್ತವನ್ನು. ಅದನ್ನು 8ಕ್ಕೆ ತಂದರೆ ಮೂಲ ಟೈಮಿಂಗ್ ಸೊನ್ನೆಗಿಂತಲೂ ಕೆಳಗೆ ಹೋಗಿರುತ್ತದೆ. ಐಡಲಿಂಗ್ ವೇಗ ಕೈಪಿಡಿಯಲ್ಲಿರುವುದಕ್ಕಿಂತ ಹೆಚ್ಚಿದ್ದು ಗುಂಡುಗಳು ಆಗಲೇ ಹರಡತೊಡಗಿದ್ದರೂ ಇದೇ ರೀತಿಯ ತಪ್ಪಾಗುತ್ತದೆ. ಪೈಪು ಬಿಡಿಸಿ, ವೇಗ ಇಳಿಸಿ, ಇನ್ನೊಮ್ಮೆ ನೋಡಿ. ಆಗ ಅಂಕಿ ತಾನೇ 8ರ ಹತ್ತಿರಕ್ಕೆ ಬಂದರೆ ಮುಂದಿನದ್ದನ್ನು ಓದುವ ಅಗತ್ಯವೂ ಇಲ್ಲ.

ಬರದಿದ್ದರೆ ಕ್ರ್ಯಾಂಕ್ ಪುಲ್ಲಿಯ ಗುರುತಿನ ಮೇಲೆಯೇ ಅನುಮಾನ ಪಡಬೇಕಾಗುತ್ತದೆ. ಅನೇಕ ಎಂಜಿನ್ನುಗಳಲ್ಲಿ ಈ ಪುಲ್ಲಿ ಒಂದೇ ತುಂಡಲ್ಲ. ನಡುವಿನ ಗುಂಬಕ್ಕೂ ಹೊರಗಿನ ಉಂಗುರಕ್ಕೂ ಮಧ್ಯೆ ರಬ್ಬರ್ ಪದರವಿರುತ್ತದೆ, ಗುರುತು ಇರುವುದು ಹೊರಗಿನ ಉಂಗುರದ ಮೇಲೆ. ವರ್ಷಗಟ್ಟಲೆ ಬಿಸಿ ಮತ್ತು ಎಣ್ಣೆ ತಿಂದ ರಬ್ಬರ್ ಹಿಡಿತ ಬಿಟ್ಟಾಗ ಉಂಗುರ ಗುಂಬದ ಮೇಲೆ ಮೆಲ್ಲನೆ ಜಾರುತ್ತದೆ. ಹೊರಗಿನಿಂದ ನೋಡಿದರೆ ಏನೂ ಕಾಣುವುದಿಲ್ಲ, ಗುರುತು ಮಾತ್ರ ಸುಳ್ಳು ಹೇಳತೊಡಗುತ್ತದೆ. ಬೇರೆ ಮಾದರಿಯ ಪುಲ್ಲಿಯನ್ನು ಹಿಂದೆ ಯಾರಾದರೂ ಹಾಕಿದ್ದರೂ ಪರಿಣಾಮ ಅದೇ. ಇಂಥದ್ದೇ ಒಂದು ಗಾಡಿಯ ಕಾರ್ಬ್ಯುರೇಟರನ್ನು ನಾನು ಇಡೀ ಒಂದು ದಿನ ಬಿಚ್ಚಿ ಜೋಡಿಸಿದ್ದುಂಟು. ಅದರಲ್ಲಿ ತಪ್ಪೇನೂ ಇರಲಿಲ್ಲ.

ನಿಜವಾದ ಟಿಡಿಸಿ ಕಂಡುಹಿಡಿಯಲು ಪ್ಲಗ್ಗಿನ ತೂತಿನಲ್ಲಿ ಕಡ್ಡಿ ಇಳಿಸಿ ‘ಇಲ್ಲಿಗೆ ಮೇಲೆ ಬಂತು’ ಎಂದು ಅಂದಾಜು ಮಾಡುವ ರೂಢಿ ಇದೆಯಾದರೂ ಅದು ಸಾಲದು. 80 ಮಿ.ಮೀ. ಸ್ಟ್ರೋಕ್ ಇರುವ ಎಂಜಿನ್ನಿನಲ್ಲಿ ಕ್ರ್ಯಾಂಕ್ ಟಿಡಿಸಿಯಿಂದ 5 ಡಿಗ್ರಿ ತಿರುಗಿದಾಗ ಪಿಸ್ಟನ್ ಕೆಳಗಿಳಿಯುವುದು ಸುಮಾರು 0.2 ಮಿ.ಮೀ. ಮಾತ್ರ, ಅಷ್ಟನ್ನು ಕಡ್ಡಿಯಿಂದ ಯಾರೂ ಅಳೆಯಲಾರರು. ಬದಲಿಗೆ ಪಿಸ್ಟನ್ನಿಗೆ ತಡೆ ಹಾಕಬೇಕು. ಹಳೆಯ ಪ್ಲಗ್ಗಿನ ಪಿಂಗಾಣಿ ಒಡೆದು ತೆಗೆದು, ಅದರೊಳಗೆ ತುದಿ ನುಣ್ಣಗೆ ಮಾಡಿದ ಬೋಲ್ಟೊಂದನ್ನು ಭದ್ರವಾಗಿ ಕೂರಿಸಿದರೆ ತಡೆ ಸಿದ್ಧವಾಗುತ್ತದೆ. ಪ್ಲಗ್ ಓರೆಯಾಗಿ ಕೂರುವ ಎಂಜಿನ್ನಿನಲ್ಲಿ ಬೋಲ್ಟ್ ವಾಲ್ವಿಗೆ ತಾಗದಷ್ಟು ಗಿಡ್ಡವಿರಲಿ. ಬ್ಯಾಟರಿಯ ವೈರ್ ಬಿಡಿಸಿ, ಎಲ್ಲ ಪ್ಲಗ್ಗುಗಳನ್ನೂ ತೆಗೆದು, ಪಿಸ್ಟನ್ ಕೆಳಗಿರುವಾಗ ಒಂದನೇ ಸಿಲಿಂಡರಿಗೆ ಈ ತಡೆಯನ್ನು ಹಾಕಿ, ಕ್ರ್ಯಾಂಕ್ ಬೋಲ್ಟಿಗೆ ಪಾನಾ ಕೊಟ್ಟು ಮೆಲ್ಲಗೆ ತಿರುಗಿಸಿ. ಪಿಸ್ಟನ್ ಬಂದು ತಾಗಿ ನಿಂತಾಗ ಸೂಚಕದ ಎದುರಿಗೆ ಪುಲ್ಲಿಯ ಮೇಲೊಂದು ಗೆರೆ ಎಳೆಯಿರಿ. ನಂತರ ಹಿಮ್ಮುಖವಾಗಿ ತಿರುಗಿಸಿ, ಆ ಕಡೆಯಿಂದ ತಾಗಿದಾಗ ಇನ್ನೊಂದು ಗೆರೆ ಎಳೆಯಿರಿ. ಎರಡು ಗೆರೆಗಳ ಸರಿಮಧ್ಯವೇ ಟಿಡಿಸಿ. ಹಿಮ್ಮುಖ ತಿರುಗಿಸುವಾಗ ಕ್ರ್ಯಾಂಕ್ ಬೋಲ್ಟ್ ಸಡಿಲವಾಗದಂತೆ ನೋಡಿಕೊಳ್ಳಿ, ಮತ್ತು ಯಾವ ಕಾರಣಕ್ಕೂ ಈ ಕೆಲಸಕ್ಕೆ ಸೆಲ್ಫ್ ಹೊಡೆಯಬೇಡಿ, ಪಿಸ್ಟನ್ ತೂತಾದೀತು.

ಮಧ್ಯದ ಈ ಬಿಂದು ಕಾರ್ಖಾನೆಯ ಗುರುತಿನ ಮೇಲೆಯೇ ಬಿದ್ದರೆ ಪುಲ್ಲಿ ನಿರಪರಾಧಿ. ನನ್ನ ಊಹೆಯಂತೆ ಎರಡರ ನಡುವೆ (22ರಲ್ಲಿ 8 ಕಳೆದು) 14 ಡಿಗ್ರಿಯ ಅಂತರ ಸಿಗಬೇಕು: 150 ಮಿ.ಮೀ. ವ್ಯಾಸದ ಪುಲ್ಲಿಯಲ್ಲಿ ಒಂದು ಡಿಗ್ರಿ ಎಂದರೆ ಅಂಚಿನಲ್ಲಿ 1.3 ಮಿ.ಮೀ.; ಹಾಗಾಗಿ 14 ಡಿಗ್ರಿ ಎಂದರೆ ಸುಮಾರು 18 ಮಿ.ಮೀ., ಕಣ್ಣಿಗೆ ಚೆನ್ನಾಗಿಯೇ ಕಾಣುವಷ್ಟು. ಹೊಸ ಗುರುತಿನಿಂದ ಟೈಮಿಂಗ್ ಹೊಂದಿಸಿ ಗಾಡಿ ಓಡಿಸಬಹುದು, ಆದರೆ ಅದು ಹೊಸ ಪುಲ್ಲಿ ಸಿಗುವವರೆಗಿನ ವ್ಯವಸ್ಥೆ ಮಾತ್ರ. ಜಾರಿದ ಉಂಗುರ ಮುಂದೆಯೂ ಜಾರುತ್ತದೆ, ಕೊನೆಗೊಮ್ಮೆ ಕಳಚಿಕೊಂಡು ರೇಡಿಯೇಟರಿಗೆ ಬಡಿಯಲೂಬಹುದು.

ಮೂಲ ಟೈಮಿಂಗ್ ಕೂತ ಮೇಲೆ ಪೈಪು ಬಿಚ್ಚಿದ ಸ್ಥಿತಿಯಲ್ಲೇ ವೇಗವನ್ನು ನಿಧಾನವಾಗಿ ನಿಮಿಷಕ್ಕೆ 3000 ಸುತ್ತಿನವರೆಗೆ ಏರಿಸಿ. ಲೈಟಿನ ಬೆಳಕಿನಲ್ಲಿ ಗುರುತು ಎಲ್ಲೂ ಹಾರದೆ ಮುಂದೆ ಸರಿದು, ಆಕ್ಸಿಲರೇಟರ್ ಬಿಟ್ಟಾಗ ಮೊದಲಿನ ಜಾಗಕ್ಕೇ ಮರಳಬೇಕು. ಮರಳದಿದ್ದರೆ ಗುಂಡುಗಳು ಜಿಡ್ಡು ಹಿಡಿದಿವೆ, ಇಲ್ಲವೇ ಅವುಗಳ ಸ್ಪ್ರಿಂಗ್ ಸೋತಿದೆ. ಆಮೇಲೆ ವ್ಯಾಕ್ಯೂಮ್ ಪೈಪನ್ನು ಡಿಸ್ಟ್ರಿಬ್ಯೂಟರಿಗೆ ಮತ್ತೆ ಜೋಡಿಸಿ, ಅದರ ಇನ್ನೊಂದು ತುದಿಯನ್ನು ಬಿಡಿಸಿ ಬಾಯಿಂದ ಎಳೆದು ನಾಲಗೆಯಿಂದ ಮುಚ್ಚಿ ಹಿಡಿಯಿರಿ. ಎಳೆತ ನಿಲ್ಲದಿದ್ದರೆ ಡಯಾಫ್ರಾಮ್ (ಡಿಸ್ಟ್ರಿಬ್ಯೂಟರಿನ ವ್ಯಾಕ್ಯೂಮ್ ಡಬ್ಬಿಯೊಳಗಿನ ತೆಳು ಪೊರೆ) ಹರಿದಿದೆ.

ನಿಮ್ಮ ಮೆಕ್ಯಾನಿಕ್ಕರ ಕಿವಿಯನ್ನು ನಾನು ಹೀಗಳೆಯುತ್ತಿಲ್ಲ. ಆದರೆ ಕಿವಿ ಕೇಳಿಸಿಕೊಳ್ಳುವುದು ಐಡಲಿಂಗನ್ನು, ಮತ್ತು ಐಡಲಿಂಗಿನಲ್ಲಿ ಎಂಜಿನ್ ತನಗೆ ಬೇಕಾದ್ದಕ್ಕಿಂತ ಹೆಚ್ಚು ಅಡ್ವಾನ್ಸನ್ನು ಖುಷಿಯಿಂದಲೇ ಸ್ವೀಕರಿಸುತ್ತದೆ. ಹಾನಿಯಾಗುವುದು ಭಾರ ಎಳೆಯುವಾಗ.

ಪ್ರಶ್ನೆ: ಲೈಟ್ ಹಿಡಿದಾಗ ಗುರುತು ಒಂದೆಡೆ ನಿಲ್ಲದೆ ನಾಲ್ಕೈದು ಡಿಗ್ರಿ ಅತ್ತಿತ್ತ ಹಾರಾಡುತ್ತದೆ. ಪಾಯಿಂಟ್ ಈಗಷ್ಟೇ ಬದಲಿಸಿದ್ದೇನೆ. ಇನ್ನೇನಿರಬಹುದು?

ಉತ್ತರ: ಡಿಸ್ಟ್ರಿಬ್ಯೂಟರ್ ಮುಚ್ಚಳ ತೆಗೆದು ರೋಟರ್ ಕೂರುವ ಶಾಫ್ಟನ್ನು ಅಡ್ಡಡ್ಡಲಾಗಿ ತಳ್ಳಿ ನೋಡಿ. ಕೈಗೆ ಪ್ಲೇ ಸಿಕ್ಕಿದರೆ ಬುಷ್ ಸವೆದಿದೆ. 0.4 ಮಿ.ಮೀ. ಗ್ಯಾಪ್ ಇಡಬೇಕಾದ ಪಾಯಿಂಟಿನಲ್ಲಿ ಶಾಫ್ಟ್ 0.1 ಮಿ.ಮೀ. ಅಲುಗಾಡಿದರೂ ಗ್ಯಾಪ್ ಕಾಲುಭಾಗ ಬದಲಾಗುತ್ತದೆ, ಗ್ಯಾಪಿನೊಂದಿಗೆ ಟೈಮಿಂಗೂ ಬದಲಾಗುತ್ತದೆ. ಹೊಸ ಪಾಯಿಂಟ್ ಎಷ್ಟು ಹಾಕಿದರೂ ಇದು ಹೋಗದು. ಶಾಫ್ಟ್ ಬಿಗಿಯಾಗಿದ್ದರೆ ಟೈಮಿಂಗ್ ಚೈನ್ ನೋಡಬೇಕು. ಕ್ರ್ಯಾಂಕನ್ನು ಎಂಜಿನ್ ಓಡುವ ದಿಕ್ಕಿನಲ್ಲಿ ತಿರುಗಿಸಿ ನಿಲ್ಲಿಸಿ, ಬಳಿಕ ಹಿಮ್ಮುಖವಾಗಿ ತಿರುಗಿಸುತ್ತಾ ರೋಟರ್ ಅಲುಗಾಡಲು ಎಷ್ಟು ಡಿಗ್ರಿ ಬೇಕಾಯಿತೆಂದು ಪುಲ್ಲಿಯಲ್ಲಿ ಓದಿ. ಐದಾರು ಡಿಗ್ರಿಯೊಳಗಿದ್ದರೆ ಹಳೆಯ ಗಾಡಿಗೆ ಅದು ಸಹಜ. ಹತ್ತು ದಾಟಿದ್ದರೆ ಚೈನ್ ಬದಲಿಸುವುದು ಲೇಸು, ಏಕೆಂದರೆ ಆಗ ವಾಲ್ವುಗಳ ಟೈಮಿಂಗೂ ತಡವಾಗಿರುತ್ತದೆ, ಅದನ್ನು ಡಿಸ್ಟ್ರಿಬ್ಯೂಟರ್ ತಿರುಗಿಸಿ ಸರಿಪಡಿಸಲಾಗದು. ಅಂದಹಾಗೆ, ಪಾಯಿಂಟ್ ಬದಲಿಸಿದ ಮೇಲೆ ಟೈಮಿಂಗನ್ನು ಹೊಸದಾಗಿ ಹೊಂದಿಸಿದ್ದಿರಿ ತಾನೇ? ಗ್ಯಾಪ್ ಹಿಗ್ಗಿದರೆ ಕಿಡಿ ಮುಂಚೆ ಬೀಳುತ್ತದೆ, ಕುಗ್ಗಿದರೆ ತಡವಾಗುತ್ತದೆ. ಹಾಗಾಗಿ ಯಾವಾಗಲೂ ಗ್ಯಾಪ್ ಮೊದಲು, ಟೈಮಿಂಗ್ ಆಮೇಲೆ.

ಪ್ರಶ್ನೆ: ಎಂಜಿನ್ ಬಿಸಿಯಿದ್ದಾಗ ಸೆಲ್ಫ್ ಹೊಡೆದರೆ ಒದ್ದಂತಾಗಿ ನಿಲ್ಲುತ್ತದೆ. ಬ್ಯಾಟರಿ ಹೊಸದು. ಸ್ಟಾರ್ಟರ್ ಮೋಟಾರ್ ಬದಲಿಸಬೇಕೇ?

ಉತ್ತರ: ಬದಲಿಸುವ ಮೊದಲು ಒಂದು ಪರೀಕ್ಷೆ ಮಾಡಿ. ಇಗ್ನಿಷನ್ ಸ್ವಿಚ್ಚಿನಿಂದ ಕಾಯಿಲಿಗೆ ಬರುವ ಸಣ್ಣ ವೈರನ್ನು ಬಿಡಿಸಿ, ಎಂಜಿನ್ ಬಿಸಿಯಿರುವಾಗಲೇ ಸೆಲ್ಫ್ ಹೊಡೆಯಿರಿ. ಕಿಡಿಯಿಲ್ಲದಾಗ ಸಲೀಸಾಗಿ ತಿರುಗಿದರೆ ಮೋಟಾರು ಸರಿಯಿದೆ, ಕಿಡಿ ತೀರಾ ಬೇಗ ಬೀಳುತ್ತಿದೆ ಎಂದರ್ಥ. ಕಿಡಿಯಿಲ್ಲದೆಯೂ ಮುಕ್ಕರಿಸಿದರೆ ಬ್ಯಾಟರಿಯ ದಪ್ಪ ವೈರುಗಳ ಜೋಡಣೆ, ಅರ್ಥ್ ಮತ್ತು ಮೋಟಾರನ್ನು ಅದೇ ಅನುಕ್ರಮದಲ್ಲಿ ನೋಡಿಸಿ.