ಹಿತ್ತಲಿಗೆ ಸಿಲ್ಕಿ ಕೋಳಿ: ಹುಂಜ ಬೇಕೇ?

ಮಲ್ಲೇಶ್ವರದ ಮನೆಯ ಪುಟ್ಟ ಹಿತ್ತಲಲ್ಲಿ ಮಕ್ಕಳ ಒಡನಾಟಕ್ಕೆ ಒಂದು ಸಿಲ್ಕಿ ಕೋಳಿ ಸಾಕಬಹುದೇ, ಹುಂಜವೂ ಬೇಕೇ ಎಂದು ಕೇಳಿದ್ದೀರಿ. ಧಾರಾಳವಾಗಿ ಸಾಕಿ. ಹುಂಜ ಬೇಡ, ಅದಿಲ್ಲದೆಯೂ ಹೇಂಟೆ ಮೊಟ್ಟೆ ಇಡುತ್ತದೆ, ಮರಿಯಾಗುವುದಿಲ್ಲ ಅಷ್ಟೆ. ಆದರೆ ಒಂದನ್ನೇ ತರಬೇಡಿ, ಒಂಟಿ ಕೋಳಿ ಸೊರಗುತ್ತದೆ. ಮೂರು ತನ್ನಿ.

ನಮ್ಮೂರಲ್ಲಿ ಬಿಸಿಲಿಗಿಂತ ಮಳೆಯದ್ದೇ ಚಿಂತೆ. ಸಿಲ್ಕಿಯ ಗರಿ ರೇಷ್ಮೆ ಎಳೆಯಂತೆ ಬಿಡಿಬಿಡಿ. ನೀರು ಜಾರಿಹೋಗದೆ ಚರ್ಮದವರೆಗೂ ನೆನೆಯುತ್ತದೆ. ಸರಿಯಾಗಿ ಹಾರಲೂ ಬಾರದು. ಹಾಗಾಗಿ ಗೂಡು ನೆಲದಿಂದ ಒಂದಡಿ ಎತ್ತರದಲ್ಲಿರಲಿ, ಹತ್ತಲು ಇಳಿಜಾರು ಹಲಗೆ ಇಡಿ. ಜಾಲರಿ ಅರ್ಧ ಇಂಚು ಕಣ್ಣಿನ ಗಟ್ಟಿ ಕಂಬಿಯದ್ದೇ ಆಗಬೇಕು. ನಾನು ಮೊದಲು ತೆಳು ಜಾಲರಿ ಹಾಕಿ ಒಂದೇ ರಾತ್ರಿ ಎರಡು ಮರಿಗಳನ್ನು ಹೆಗ್ಗಣಕ್ಕೆ ಕಳೆದುಕೊಂಡೆ. ಈಗಲೂ ನೆನೆದರೆ ಸಂಕಟವಾಗುತ್ತದೆ.

ರಾಣಿಖೇತ್, ಅಂದರೆ ಹಳ್ಳಿಯವರು ಹೇಳುವ ಕೊಕ್ಕರೆ ರೋಗಕ್ಕೆ ಲಸಿಕೆ ತಪ್ಪಿಸಬೇಡಿ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ವಿಚಾರಿಸಿ.

ಸ್ನೇಹಕ್ಕೆ ಆತುರ ಬೇಡ. ಸಂಜೆ ನೆಲದ ಮೇಲೆ ಕೂತು ಅಂಗೈಯಲ್ಲಿ ನವಣೆ ಹಿಡಿಯಿರಿ. ಮಕ್ಕಳು ಅಟ್ಟಿಸಿಕೊಂಡು ಹೋಗದಿದ್ದರೆ ಕೆಲವೇ ವಾರಗಳಲ್ಲಿ ತಾವಾಗಿಯೇ ಮಡಿಲಿಗೆ ಬರುತ್ತವೆ. ಕಾವಿಗೆ ಕೂತಾಗ ಮಾತ್ರ ಮುಟ್ಟಬೇಡಿ, ಕುಕ್ಕುತ್ತವೆ. ಮುದ್ದಾಡಿದ ಮೇಲೆ ಮಕ್ಕಳ ಕೈಯನ್ನು ಸೋಪು ಹಾಕಿ ತೊಳೆಸಿ.