ಹಡಗು ಹತ್ತುವ ಮುನ್ನ: ಪೆಟ್ಟಿಗೆಗೆ ಏನು, ಕೈಚೀಲಕ್ಕೆ ಏನು?

ಸಿಂಗಪುರದಲ್ಲಿ ಹಡಗು ಹತ್ತಿ, ಪೆನಾಂಗ್ ಮತ್ತು ಫುಕೆಟ್ ನೋಡಿಕೊಂಡು ಮತ್ತೆ ಸಿಂಗಪುರಕ್ಕೇ ಬಂದಿಳಿಯುವ ನಾಲ್ಕು ರಾತ್ರಿಗಳ ಕ್ರೂಸ್ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿವು. ನಿಯಮಗಳು ಕಂಪನಿಯಿಂದ ಕಂಪನಿಗೆ ಅಷ್ಟಿಷ್ಟು ಬದಲಾಗುತ್ತವೆ. ಬುಕಿಂಗ್ ಕಾಗದದ ಜತೆ ಬರುವ ನಿಷೇಧಿತ ವಸ್ತುಗಳ ಪಟ್ಟಿಯನ್ನು ಒಮ್ಮೆ ಪೂರ್ತಿ ಓದಿಕೊಳ್ಳಿ.

ನಾವು ನಾಲ್ಕು ಜನ, ಒಂದೇ ಕೋಣೆ. ಎಷ್ಟು ಸೂಟ್‌ಕೇಸ್ ಒಯ್ಯಬಹುದು?
— ಮೈಸೂರು

ಎರಡು ಮಧ್ಯಮ ಗಾತ್ರದ ಸೂಟ್‌ಕೇಸ್, ಎರಡು ಬೆನ್ನುಚೀಲ. ಇದಕ್ಕಿಂತ ಹೆಚ್ಚಾದರೆ ಕೋಣೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಸಾಮಾನ್ಯ ಕ್ಯಾಬಿನ್ ಎಂದರೆ ಸುಮಾರು 150ರಿಂದ 180 ಚದರಡಿ, ಅದರಲ್ಲೇ ಬಚ್ಚಲೂ ಸೇರಿತು. ಖಾಲಿ ಮಾಡಿದ ಸೂಟ್‌ಕೇಸ್ ಮಂಚದ ಕೆಳಗೆ ಹೋಗಬೇಕು. ಎರಡು ಹೋಳಾಗಿ ತೆರೆದುಕೊಳ್ಳುವ ಗಟ್ಟಿ ಪೆಟ್ಟಿಗೆಗೆ ನೆಲದ ಮೇಲೆ ಎರಡು ಪಟ್ಟು ಜಾಗ ಬೇಕು. ಮೇಲಿನ ಮುಚ್ಚಳ ಮಾತ್ರ ತೆರೆಯುವ ಬಟ್ಟೆಯ ಸೂಟ್‌ಕೇಸೇ ಇಲ್ಲಿ ವಾಸಿ.

ಆದರೆ ನಿಜವಾಗಿ ಯೋಚಿಸಿ ತುಂಬಬೇಕಾದ್ದು ಕೈಚೀಲ. ಬಂದರಿನಲ್ಲಿ ಸೂಟ್‌ಕೇಸ್ ಕೊಟ್ಟ ಮೇಲೆ ಅದು ನಿಮ್ಮ ಬಾಗಿಲಿಗೆ ಬರಲು ಮೂರ್ನಾಲ್ಕು ಗಂಟೆಯಾದರೂ ಬೇಕು, ಕೆಲವೊಮ್ಮೆ ರಾತ್ರಿ ಊಟದ ಹೊತ್ತೂ ಆಗುತ್ತದೆ. ಅಷ್ಟರಲ್ಲಿ ಮಕ್ಕಳು ಈಜುಕೊಳಕ್ಕೆ ಹೋಗುತ್ತೇವೆಂದು ಕುಣಿಯುತ್ತಿರುತ್ತಾರೆ, ಈಜುಡುಗೆ ಸೂಟ್‌ಕೇಸಿನಲ್ಲಿರುತ್ತದೆ! ಪಾಸ್‌ಪೋರ್ಟ್, ವೀಸಾ ಪ್ರತಿ, ಎಲ್ಲ ಔಷಧಿ, ಕನ್ನಡಕ, ಚಾರ್ಜರ್, ಒಡವೆ, ಒಂದು ಜತೆ ಬಟ್ಟೆ, ಈಜುಡುಗೆ ಇವೆಲ್ಲ ಕೈಚೀಲದಲ್ಲೇ ಇರಲಿ. ಪವರ್ ಬ್ಯಾಂಕ್ ಹೇಗೂ ಅಲ್ಲಿಯೇ ಇರಬೇಕು. ವಿಮಾನದ ಲಗೇಜಿನಲ್ಲಿ ಅದನ್ನು ಹಾಕುವಂತಿಲ್ಲ.

ಕೊನೆಯ ರಾತ್ರಿ ಇದೇ ಕಥೆ ತಿರುಗುಮುರುಗು. ಮಲಗುವ ಮುನ್ನ, ಸಾಮಾನ್ಯವಾಗಿ ಹನ್ನೊಂದರೊಳಗೆ, ಸೂಟ್‌ಕೇಸನ್ನು ಬಾಗಿಲ ಹೊರಗಿಡಬೇಕು. ಮರುದಿನ ಉಡುವ ಬಟ್ಟೆ, ಚಪ್ಪಲಿ, ಹಲ್ಲುಜ್ಜುವ ಬ್ರಷ್ಷು ತೆಗೆದಿಟ್ಟುಕೊಳ್ಳದೆ ಎಲ್ಲ ತುಂಬಿ ಕಳಿಸಿದವರು ನೈಟಿಯಲ್ಲೇ ಇಮಿಗ್ರೇಷನ್ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ. ಸೂಟ್‌ಕೇಸ್ ತಾವೇ ಎಳೆದುಕೊಂಡು ಇಳಿಯುವವರಿಗೆ ಈ ತಾಪತ್ರಯವಿಲ್ಲ.

ಅತ್ತೆಯವರು ಹೊರಗಿನ ಅಡುಗೆ ಉಣ್ಣುವುದಿಲ್ಲ. ಚಿಕ್ಕ ರೈಸ್ ಕುಕ್ಕರ್, ಕೆಟಲ್, ಚಟ್ನಿಪುಡಿ, ಚಕ್ಕುಲಿ ಒಯ್ಯಬಹುದೇ? ದಿನಾ ದೀಪ ಹಚ್ಚುವ ಅಭ್ಯಾಸವೂ ಇದೆ.
— ದಾವಣಗೆರೆ

ಕುಕ್ಕರ್, ಕೆಟಲ್, ನೀರು ಕಾಯಿಸುವ ಕಾಯಿಲ್, ಇಸ್ತ್ರಿಪೆಟ್ಟಿಗೆ ಯಾವುದೂ ಇಲ್ಲ. ದೀಪ, ಊದುಬತ್ತಿ, ಕರ್ಪೂರವೂ ಇಲ್ಲ. ನಡುಸಮುದ್ರದಲ್ಲಿ ಬೆಂಕಿ ಬಿದ್ದರೆ ಓಡಿಹೋಗಲು ಬೀದಿಯಿಲ್ಲ. ಬಿಸಿಯಾಗುವ, ಉರಿಯುವ ವಸ್ತುಗಳ ಮೇಲೆ ಹಡಗಿನವರು ಇಷ್ಟು ಕಟ್ಟುನಿಟ್ಟಾಗಿರುವುದು ಅದಕ್ಕೇ. ಎಲ್ಲ ಸೂಟ್‌ಕೇಸೂ ಎಕ್ಸ್‌ರೇ ಯಂತ್ರದಲ್ಲಿ ಹಾದುಹೋಗುತ್ತದೆ. ಇಂಥದ್ದು ಸಿಕ್ಕರೆ ಪೆಟ್ಟಿಗೆ ಕೋಣೆಗೆ ಬಾರದೆ ಭದ್ರತಾ ವಿಭಾಗದಲ್ಲಿ ಉಳಿಯುತ್ತದೆ, ನೀವೇ ಹೋಗಿ ತೆರೆದು ತೋರಿಸಬೇಕು. ಪೂಜೆಗೆ ಬ್ಯಾಟರಿ ದೀಪವೊಂದೇ ದಾರಿ.

ಎಕ್ಸ್‌ಟೆನ್ಷನ್ ಬಾಕ್ಸಿನ ಬಗ್ಗೆಯೂ ಇಲ್ಲೇ ಹೇಳಿಬಿಡೋಣ. ಸರ್ಜ್ ಪ್ರೊಟೆಕ್ಟರ್, ಅಂದರೆ ವಿದ್ಯುತ್ ಒಮ್ಮೆಲೇ ಏರಿದರೆ ಉಪಕರಣ ಕಾಯುವ ಭಾಗ, ಇರುವ ಬಾಕ್ಸನ್ನು ಹಡಗಿಗೆ ಬಿಡುವುದಿಲ್ಲ. ಹಡಗಿನ ವಿದ್ಯುತ್ ವ್ಯವಸ್ಥೆಯಲ್ಲಿ ಅರ್ತಿಂಗ್ ಮನೆಯಲ್ಲಿದ್ದಂತೆ ಇರುವುದಿಲ್ಲ; ಅಲ್ಲಿ ಆ ಬಾಕ್ಸಿನೊಳಗಿನ ರಕ್ಷಣೆಯ ಭಾಗವೇ ಕಾದು ಹೊತ್ತಿಕೊಳ್ಳಬಹುದು. ಕೆಲವು ಕಂಪನಿಗಳು ಸಾದಾ ಎಕ್ಸ್‌ಟೆನ್ಷನ್ ಕೂಡ ಬೇಡವೆನ್ನುತ್ತವೆ. ಮೂರ್ನಾಲ್ಕು ಯುಎಸ್‌ಬಿ ಕಿಂಡಿಗಳ ಒಂದೇ ಚಾರ್ಜರ್ ಸಾಕು.

ತಿಂಡಿಯ ಮಾತು. ಮನೆಯಲ್ಲಿ ಮಾಡಿದ್ದನ್ನು ಹೆಚ್ಚಿನ ಹಡಗುಗಳು ಬಿಡುವುದಿಲ್ಲ. ಅಂಗಡಿಯ ಸೀಲ್ ಒಡೆಯದ ಪೊಟ್ಟಣವಾದರೆ ಸಾಮಾನ್ಯವಾಗಿ ತೊಂದರೆಯಿಲ್ಲ. ಹಾಗಾಗಿ ಚಟ್ನಿಪುಡಿ, ಚಕ್ಕುಲಿ, ಬಿಸಿನೀರು ಹಾಕಿದರೆ ಸಿದ್ಧವಾಗುವ ಉಪ್ಪಿಟ್ಟು, ಅವಲಕ್ಕಿ ಎಲ್ಲವನ್ನೂ ಪ್ಯಾಕೆಟ್ಟಿನಲ್ಲೇ ಕೊಳ್ಳಿ. ಬಿಸಿನೀರು ಬಫೆಯಲ್ಲಿ ಸಿಗುತ್ತದೆ. ಎಣ್ಣೆ ತೇಲುವ ಉಪ್ಪಿನಕಾಯಿ ಮಾತ್ರ ಬೇಡ, ಒಂದು ಬಾಟಲಿ ಸೋರಿದರೆ ರೇಷ್ಮೆ ಸೀರೆಯೆಲ್ಲ ಹಾಳು. ಸಸ್ಯಾಹಾರ, ಈರುಳ್ಳಿ-ಬೆಳ್ಳುಳ್ಳಿ ಇಲ್ಲದ ಊಟ ಬೇಕಿದ್ದರೆ ಬುಕಿಂಗ್ ಮಾಡುವಾಗಲೇ ಬರೆಸಿ. ಹಡಗು ಹತ್ತಿದ ಮೇಲೆ ಕೇಳಿದರೆ ತಡವಾಯಿತು.

ಒಂದು ವಸ್ತುವನ್ನು ಮಾತ್ರ ಮರೆತೂ ಒಯ್ಯಬೇಡಿ: ಗಸಗಸೆ. ನಮಗದು ಪಾಯಸದ ಸಾಮಾನು, ಸಿಂಗಪುರದಲ್ಲಿ ಮಾದಕವಸ್ತು ಕಾನೂನಿನಡಿ ನಿರ್ಬಂಧಿತ. ಮಸಾಲೆ ಪುಡಿಗಳಲ್ಲಿ ಗಸಗಸೆ ಸೇರಿದೆಯೇ ಎಂದು ಪೊಟ್ಟಣದ ಹಿಂಬದಿ ನೋಡಿ. ಚ್ಯೂಯಿಂಗ್ ಗಮ್, ಇ-ಸಿಗರೇಟನ್ನೂ ಮನೆಯಲ್ಲೇ ಬಿಡಿ.

ಮಾವನವರಿಗೆ 68 ವರ್ಷ, ಇನ್ಸುಲಿನ್ ತೆಗೆದುಕೊಳ್ಳುತ್ತಾರೆ. ಕೋಣೆಯ ಫ್ರಿಜ್ಜಿನಲ್ಲಿ ಇಡಬಹುದೇ?
— ಹುಬ್ಬಳ್ಳಿ

ಅದನ್ನು ನೆಚ್ಚಬೇಡಿ. ಕ್ಯಾಬಿನ್ನಿನಲ್ಲಿರುವುದು ಪಾನೀಯ ತಂಪು ಮಾಡುವ ಪೆಟ್ಟಿಗೆ. ತೆರೆಯದ ಇನ್ಸುಲಿನ್‌ಗೆ ಬೇಕಾದ 2ರಿಂದ 8 ಡಿಗ್ರಿ ಸೆಲ್ಸಿಯಸ್ ಅದರಲ್ಲಿ ಸಿಗುತ್ತದೆನ್ನುವ ಖಾತರಿಯಿಲ್ಲ. ಔಷಧಿಗೆಂದು ಫ್ರಿಜ್ ಬೇಕೆಂದು ಬುಕಿಂಗ್ ಆದೊಡನೆ ಬರೆದು ಕೇಳಿ. ಬಳಕೆಯಲ್ಲಿರುವ ಪೆನ್ನು ಕೋಣೆಯ ತಾಪಮಾನದಲ್ಲೇ ಇರಬಹುದು. ಹೆಚ್ಚಿನ ಬಗೆಗಳಿಗೆ 28 ದಿನ, 30 ಡಿಗ್ರಿಯೊಳಗೆ. ನಿಮ್ಮದರ ಲೆಕ್ಕ ಡಬ್ಬಿಯ ಒಳಗಿನ ಚೀಟಿಯಲ್ಲಿದೆ. ವಿಮಾನದಲ್ಲಿ ಕೈಚೀಲದಲ್ಲೇ ಒಯ್ಯಿರಿ, ಸರಕಿನ ಅಂಕಣದ ಚಳಿಗೆ ಇನ್ಸುಲಿನ್ ಹೆಪ್ಪುಗಟ್ಟಿದರೆ ಮತ್ತೆ ಉಪಯೋಗಕ್ಕಿಲ್ಲ. ಬಳಸಿದ ಸೂಜಿ ಹಾಕಲು ಕೋಣೆಯ ಸಿಬ್ಬಂದಿಯನ್ನು ಕೇಳಿದರೆ ಗಟ್ಟಿ ಡಬ್ಬಿ ಕೊಡುತ್ತಾರೆ.

ಮಾತ್ರೆಗಳು ಮೂಲ ಸ್ಟ್ರಿಪ್ಪಿನಲ್ಲೇ ಇರಲಿ, ವೈದ್ಯರ ಚೀಟಿಯಲ್ಲಿ ಬ್ರ್ಯಾಂಡ್ ಜತೆ ಔಷಧಿಯ ಮೂಲ ಹೆಸರೂ ಇರಲಿ. ನಾಲ್ಕು ದಿನದ ಪ್ರವಾಸಕ್ಕೆ ಹತ್ತು ದಿನದ ಔಷಧಿ. ನಿದ್ರೆ ಮಾತ್ರೆ, ಅಲ್ಪ್ರಾಜೊಲಾಮ್, ಕೊಡೀನ್ ಇರುವ ಕೆಮ್ಮಿನ ಸಿರಪ್ಪಿಗೆ ಸಿಂಗಪುರದಲ್ಲಿ ಪ್ರಮಾಣ ನೋಡಿಕೊಂಡು ಮುಂಚಿತ ಅನುಮತಿ ಬೇಕಾಗಬಹುದು. ಹೊರಡುವ ಮೂರು ವಾರ ಮುಂಚೆಯೇ ವಿಚಾರಿಸಿ.

ಬಸ್ಸಿನಲ್ಲೇ ವಾಂತಿಯಾಗುವ ನನಗೆ ಹಡಗು ಆಗುತ್ತದೆಯೇ?
— ಆಗುಂಬೆ ಘಾಟಿಗೆ ಹೆದರುವ ಓದುಗರು, ತೀರ್ಥಹಳ್ಳಿ

ಘಾಟಿಯ ತಿರುವುಗಳಿಗಿಂತ ಮಲಾಕ್ಕಾ ಜಲಸಂಧಿ ಎಷ್ಟೋ ಶಾಂತ. ಎರಡೂ ಕಡೆ ನೆಲವಿರುವುದರಿಂದ ದೊಡ್ಡ ಅಲೆಗಳೇಳುವುದು ಕಡಿಮೆ. ಆದರೂ ಕೋಣೆಯನ್ನು ಹಡಗಿನ ಉದ್ದದ ನಟ್ಟನಡುವೆ, ಕೆಳಗಿನ ಅಂತಸ್ತಿನಲ್ಲಿ ಕೇಳಿ. ತಕ್ಕಡಿಯ ಮುಳ್ಳಿನ ಬುಡದಂತೆ ಅಲ್ಲಿ ಓಲಾಟ ಕಡಿಮೆ. ಅವೋಮಿನ್‌ನಂಥ ಮಾತ್ರೆ ಒಯ್ಯುವುದಾದರೆ ಹೊಟ್ಟೆ ತೊಳಸುವ ಮುನ್ನವೇ ನುಂಗಬೇಕು. ವಾಂತಿ ಶುರುವಾದ ಮೇಲೆ ಮಾತ್ರೆ ಒಳಗೆ ನಿಲ್ಲುವುದಿಲ್ಲ. ಅದರಿಂದ ತೂಕಡಿಕೆ ಬರುತ್ತದೆ, ಮದ್ಯದ ಜತೆ ಕೂಡದು. ಗ್ಲಕೋಮಾ, ಪ್ರಾಸ್ಟೇಟ್ ತೊಂದರೆ ಇರುವವರು ವೈದ್ಯರನ್ನು ಕೇಳದೆ ಮುಟ್ಟಬಾರದು. ತಲೆ ತಿರುಗಿದಂತಾದರೆ ಕೋಣೆಯಲ್ಲಿ ಮೊಬೈಲ್ ನೋಡುತ್ತ ಮಲಗಬೇಡಿ. ಡೆಕ್ಕಿಗೆ ಬಂದು ದೂರದ ಬಾನಂಚನ್ನು ನೋಡಿ. ಕಣ್ಣು ಹೇಳುವುದೂ ಒಳಗಿವಿ ಹೇಳುವುದೂ ಆಗ ಒಂದಾಗುತ್ತದೆ.

ಸೀರೆ ಉಡಬಹುದೇ? ಈಜುಕೊಳಕ್ಕೆ ಚೂಡಿದಾರ್ ನಡೆಯುತ್ತದೆಯೇ?
— ಬೆಂಗಳೂರು

ಸೀರೆ ಧಾರಾಳವಾಗಿ. ಔಪಚಾರಿಕ ರಾತ್ರಿಯ ಊಟಕ್ಕೆ ಒಂದು ಹಗುರ ಮೈಸೂರು ಸಿಲ್ಕ್ ಸಾಕು. ಸುಕ್ಕಾಗುವುದು ಕಡಿಮೆ, ಇಸ್ತ್ರಿಯೂ ಇಲ್ಲವಲ್ಲ. ಭಾರದ ಕಾಂಜೀವರಂ ಬೇಡ. ಡೆಕ್ಕಿನ ಗಾಳಿಗೆ ಸೆರಗು ನಿಲ್ಲದು, ಪಿನ್ನು ಬೇಕೇ ಬೇಕು. ಗಂಡಸರಿಗೆ ಜುಬ್ಬಾ ನಡೆಯುತ್ತದೆ. ರಾತ್ರಿ ಊಟದ ಮುಖ್ಯ ಹಾಲಿಗೆ ಚಡ್ಡಿ, ಹವಾಯಿ ಚಪ್ಪಲಿ ನಡೆಯುವುದಿಲ್ಲ. ಥಿಯೇಟರಿನ ಏಸಿ ಚಳಿಗೆ ಒಂದು ಶಾಲು.

ಈಜುಕೊಳಕ್ಕೆ ಹತ್ತಿಬಟ್ಟೆಯಲ್ಲಿ ಇಳಿಸುವುದಿಲ್ಲ. ಮೈ ಪೂರ್ತಿ ಮುಚ್ಚುವ ಈಜುಡುಗೆ ಅಂಗಡಿಗಳಲ್ಲಿ ಸಿಗುತ್ತದೆ, ನೈಲಾನ್ ಅಥವಾ ಲೈಕ್ರಾದ್ದಿರಲಿ. ಡೈಪರ್ ಹಾಕುವ ಮಗುವನ್ನು ಬಹುತೇಕ ಹಡಗುಗಳಲ್ಲಿ ಮುಖ್ಯ ಕೊಳಕ್ಕೆ ಬಿಡುವುದಿಲ್ಲ.

ಕೇಳಲು ಸಂಕೋಚ: ಶೌಚಾಲಯದಲ್ಲಿ ನೀರಿರುತ್ತದೆಯೇ?
— ಕಲಬುರಗಿ

ಸಂಕೋಚವೇಕೆ, ಎಲ್ಲರಿಗೂ ಇರುವ ಪ್ರಶ್ನೆಯೇ. ಹೆಚ್ಚಿನ ಕ್ಯಾಬಿನ್‌ಗಳಲ್ಲಿ ಕಾಗದ ಮಾತ್ರ. ಮಡಚುವ ರಬ್ಬರ್ ಚೊಂಬು ಒಂದು ಒಯ್ಯಿರಿ. ಒದ್ದೆ ವೈಪ್ಸ್ ಕಮೋಡಿಗೆ ಹಾಕಬೇಡಿ. ಗಾಳಿಯ ಎಳೆತದಿಂದ ಸಾಗಿಸುವ ಸಣ್ಣ ಕೊಳವೆಗಳವು, ಒಂದು ಕೋಣೆಯಲ್ಲಿ ಕಟ್ಟಿಕೊಂಡರೆ ಅಕ್ಕಪಕ್ಕದವರಿಗೂ ಪಾಡು. ಬಟ್ಟೆ ಒಣಗಿಸಲು ಷವರಿನಲ್ಲಿ ಎಳೆಯುವ ದಾರವಿರುತ್ತದೆ. ಗೋಡೆಗಳು ಉಕ್ಕಿನವಾದ್ದರಿಂದ ನಾಲ್ಕು ಅಯಸ್ಕಾಂತದ ಕೊಕ್ಕೆಗಳಿದ್ದರೆ ಚೀಲ, ಟೋಪಿ ನೇತುಹಾಕಬಹುದು.

ವೀಸಾ, ಫೋನು, ಪ್ಲಗ್ಗು?
— ಮಂಗಳೂರು

ಹಡಗು ಬೇರೆ ದೇಶಕ್ಕೆ ಹೋಗಿ ಮರಳುವುದರಿಂದ ಸಿಂಗಪುರವನ್ನು ನೀವು ಎರಡು ಸಲ ಪ್ರವೇಶಿಸುತ್ತೀರಿ. ವೀಸಾದಲ್ಲಿ ಮಲ್ಟಿಪಲ್ ಎಂದಿರಲೇಬೇಕು. ಪಾಸ್‌ಪೋರ್ಟಿಗೆ ಆರು ತಿಂಗಳ ಅವಧಿ ಉಳಿದಿರಲಿ. ಕೆಲವು ಹಡಗುಗಳಲ್ಲಿ ಪಾಸ್‌ಪೋರ್ಟನ್ನು ಸಿಬ್ಬಂದಿಯೇ ಇಟ್ಟುಕೊಳ್ಳುತ್ತಾರೆ, ಎರಡು ಜೆರಾಕ್ಸ್ ನಿಮ್ಮಲ್ಲಿರಲಿ.

ಫೋನನ್ನು ಹಡಗು ಬಿಡುವ ಮುನ್ನವೇ ಫ್ಲೈಟ್ ಮೋಡಿಗೆ ಹಾಕಿ. ಇಲ್ಲದಿದ್ದರೆ ಅದು ತಾನಾಗಿ ಹಡಗಿನ ಉಪಗ್ರಹ ಜಾಲ ಹಿಡಿಯುತ್ತದೆ. ಸಾಮಾನ್ಯ ರೋಮಿಂಗ್ ಪ್ಯಾಕ್ ಅಲ್ಲಿ ಲೆಕ್ಕಕ್ಕಿಲ್ಲ, ಬಿಲ್ಲು ಸಾವಿರಗಳಲ್ಲಿ ಬರುತ್ತದೆ. ಕ್ಯಾಬಿನ್ನಿನಲ್ಲಿ ಸಾಮಾನ್ಯವಾಗಿ ಅಮೆರಿಕದ ಚಪ್ಪಟೆ ಪಿನ್ನಿನದೂ ಯುರೋಪಿನ ದುಂಡು ಪಿನ್ನಿನದೂ ಸಾಕೆಟ್ಟುಗಳು ಇರುತ್ತವೆ. ನಮ್ಮ ಎರಡು ಪಿನ್ನಿನ ಮೊಬೈಲ್ ಚಾರ್ಜರ್ ಯುರೋಪಿನದಕ್ಕೆ ಬಹುತೇಕ ಕೂರುತ್ತದೆ, ಲ್ಯಾಪ್‌ಟಾಪಿನ ಮೂರು ಪಿನ್ನಿನದು ಕೂರುವುದಿಲ್ಲ. ಸಿಂಗಪುರದ ಹೋಟೆಲಿನಲ್ಲಿರುವುದು ಬ್ರಿಟನ್ನಿನ ಮೂರು ಚೌಕ ಪಿನ್ನಿನದು. ಎರಡೂ ಕಡೆಗಾಗುವ ಅಡಾಪ್ಟರ್ ಕೊಳ್ಳಿ, ಅದನ್ನೂ ಕೈಚೀಲಕ್ಕೇ ಹಾಕಿ.