ಕರಿಕೋಟು, ಕೊಳಗ ಮತ್ತು ನಿಮ್ಮ ತಾತನ ಟ್ರಂಕು

ವಿಜಯನಗರದ ಓದುಗರೇ, ನಮಸ್ಕಾರ.

ಸಾಗರದ ವಕೀಲರಾಗಿದ್ದು ರಾಜಕೀಯಕ್ಕೆ ಬಂದ ಕಾಗೋಡು ತಿಮ್ಮಪ್ಪನವರನ್ನು ಹೊಗಳಿ ಹೋದ ಸಂಚಿಕೆಯಲ್ಲಿ ನಾವು ಬರೆದ ಟಿಪ್ಪಣಿ ನಿಮಗೆ ಹಿಡಿಸಿಲ್ಲ. "ತಾಲ್ಲೂಕು ಕೋರ್ಟಿನಲ್ಲಿ ಕೇಸು ಕಮ್ಮಿಯಾದ ಲಾಯರುಗಳು ಎಲೆಕ್ಷನ್ನಿಗೆ ನಿಲ್ತಾರೆ. ಅದರಲ್ಲಿ ಹೊಗಳೋದೇನಿದೆ?" ಅಂತ ಕೇಳಿದ್ದೀರಿ. ಊರಲ್ಲಿ ನಿಮ್ಮ ತಾತನಿಗೆ ಗೇಣಿ ಜಮೀನು ಸಿಕ್ಕಿದ ಟ್ರಿಬ್ಯೂನಲ್ ಆರ್ಡರ್ ಇನ್ನೂ ಟ್ರಂಕಿನಲ್ಲಿದೆ ಅಂತಲೂ ಬರೆದಿದ್ದೀರಿ. ಎರಡೂ ಒಂದೇ ಕಥೆ ಸ್ವಾಮಿ.

ಕೇಸಿಲ್ಲದೆ ರಾಜಕೀಯಕ್ಕೆ ಬಂದವರು ಇದ್ದಾರೆ, ಒಪ್ಪೋಣ. ಆದರೆ ತಿಮ್ಮಪ್ಪನವರ ರಾಜಕೀಯ ಕರಿಕೋಟಿಗಿಂತ ಮುಂಚಿನದು. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಜಗಳ ಎದ್ದದ್ದು ಒಂದು ಕೊಳಗದಿಂದ, ಅಂದರೆ ಭತ್ತ ಅಳೆಯುವ ಪಾತ್ರೆಯಿಂದ. ಗೇಣಿ ಭತ್ತ ಅಳೆದುಕೊಳ್ಳುವಾಗ ಜಮೀನಿನ ಒಡೆಯರ ಕೊಳಗ ದೊಡ್ಡದು. ಪ್ರತಿ ಅಳತೆಗೂ ರೈತನ ಭತ್ತ ಒಂದಿಷ್ಟು ಸುಮ್ನೆ ಹೋಗುತ್ತಿತ್ತು. 1951ರಲ್ಲಿ ಗೇಣಿದಾರರು ತಿರುಗಿಬಿದ್ದರು. ರೈತ ನಾಯಕ ಎಚ್. ಗಣಪತಿಯಪ್ಪ ಮುಂದೆ ನಿಂತರು. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ತಿಮ್ಮಪ್ಪ ಆಗ ಇಪ್ಪತ್ತು ತುಂಬದ, ಅದೇ ಊರಿನ ಹುಡುಗ. ಕಾನೂನು ಓದಿ ಸಾಗರದಲ್ಲಿ ವಕೀಲರಾದದ್ದು ಆಮೇಲೆ.

ತಾಲ್ಲೂಕು ವಕೀಲರ ಆಫೀಸು ನೀವು ನೋಡಿರಬೇಕು. ಕಕ್ಷಿಗಾರ ಬೆಂಚಿನ ತುದಿಯಲ್ಲಿ ಕೂತು ಕೈಚೀಲದಿಂದ ಪಹಣಿ, ಕಂದಾಯದ ರಸೀದಿ ಒಂದೊಂದಾಗಿ ತೆಗೆಯುತ್ತಾನೆ. ಗೇಣಿ ಚೀಟಿ ಕೇಳಿದರೆ ಸುಮ್ಮನಾಗುತ್ತಾನೆ. ಕೊಟ್ಟವರು ಯಾರು ಅದನ್ನ? ಉಳುವವನಿಗೆ ಕಾಗದವಿಲ್ಲ ಅನ್ನೋದು ಈ ಬೆಂಚಿನಲ್ಲಿ ಕಲಿಯುವ ಪಾಠ.

1972ರಲ್ಲಿ ತಿಮ್ಮಪ್ಪ ಸಮಾಜವಾದಿಯಾಗಿ ಗೆದ್ದು ಬೆಂಗಳೂರಿನ ವಿಧಾನಸಭೆಗೆ ಬಂದರು. ಮುಖ್ಯಮಂತ್ರಿ ದೇವರಾಜ ಅರಸು. ಗೇಣಿ ಜಮೀನನ್ನು ಉಳುವವನಿಗೇ ಕೊಡಿಸುವ ಭೂಸುಧಾರಣೆ ತಿದ್ದುಪಡಿ 1974ರ ಮಾರ್ಚ್ 1ಕ್ಕೆ ಜಾರಿಯಾಯಿತು. ಗೇಣಿದಾರ ಫಾರಂ ನಂಬರ್ 7 ತುಂಬಿ ಡಿಕ್ಲರೇಷನ್ ಹಾಕಬೇಕು, ಭೂ ನ್ಯಾಯಮಂಡಳಿ, ಅಂದರೆ ನಿಮ್ಮ ತಾತನ ಆ ಟ್ರಿಬ್ಯೂನಲ್, ವಿಚಾರಣೆ ಮಾಡಬೇಕು. ಇಲ್ಲೇ ಸ್ವಾರಸ್ಯ ಇರೋದು. ಆ ಮಂಡಳಿ ಮುಂದೆ ವಕೀಲರು ಹಾಜರಾಗುವ ಹಾಗಿಲ್ಲ ಅಂತ ಕಾಯ್ದೆಯ 48ನೇ ಕಲಮಿನಲ್ಲೇ ಬರೆದಿದ್ದರು! ಒಡೆಯ ದೊಡ್ಡ ಲಾಯರನ್ನು ಕರೆತರಬಲ್ಲ, ಗೇಣಿದಾರ ಫೀಸು ಎಲ್ಲಿಂದ ತರ್ತಾನೆ, ಅಲ್ವಾ? ವಕೀಲರೂ ಕೂತಿದ್ದ ಸದನ ವಕೀಲರನ್ನೇ ಹೊರಗಿಟ್ಟಿತು. 1987ರಲ್ಲಿ ಸುಪ್ರೀಂ ಕೋರ್ಟು ಆ ತಡೆಯನ್ನು ತೆಗೆದುಹಾಕಿತು. ಕಾನೂನಿನ ಲೆಕ್ಕದಲ್ಲಿ ಅದು ಸರಿಯೇ ಇರಬಹುದು. ನನ್ನ ಮನಸ್ಸು ಮಾತ್ರ ಹಳೇ ಕಲಮಿನ ಕಡೆಗಿದೆ.

ಆಮೇಲಿನದು ನಿಮಗೆ ಗೊತ್ತಿರೋದೇ. ಸೋಲು, ಗೆಲುವು, ಮಂತ್ರಿಗಿರಿ, 2013ರಿಂದ ಸ್ಪೀಕರ್ ಕುರ್ಚಿ. 2016ರಲ್ಲಿ ಕಂದಾಯ ಮಂತ್ರಿಯಾದಾಗ ಮತ್ತೆ ಅದೇ ಹಳೇ ಚಿಂತೆ: ಖಾಸಗಿ ಜಮೀನಿನಲ್ಲಿ ಗುಡಿಸಲು ಹಾಕಿಕೊಂಡಿದ್ದ ತಾಂಡಾ, ಹಟ್ಟಿಗಳ ಜನಕ್ಕೆ ಆ ಜಾಗದ ಹಕ್ಕು ಕೊಡಿಸುವ ತಿದ್ದುಪಡಿ. ವಯಸ್ಸು ಎಂಬತ್ತು ದಾಟಿತ್ತು.

ಊರಿಗೆ ಹೋದಾಗ ಆ ಟ್ರಂಕು ತೆಗೆಯಿರಿ. ಆರ್ಡರು ಎಪ್ಪತ್ತರ ದಶಕದ್ದಾಗಿದ್ದರೆ ಅದರಲ್ಲಿ ವಕೀಲರ ಹೆಸರು ಹುಡುಕಿ. ಸಿಗದಿದ್ದರೆ, ಮಂಡಳಿಯ ಅಧ್ಯಕ್ಷರಾಗಿದ್ದ ಅಸಿಸ್ಟೆಂಟ್ ಕಮಿಷನರ್ ಎದುರು ನಿಂತು ನಿಮ್ಮ ತಾತನೇ ಮಾತಾಡಿದ್ದಾರೆ. ಏನು ಹೇಳಿದ್ದಾರೆ ಅಂತ ಓದಿ, ನಮಗೂ ಬರೆಯಿರಿ.

ಸಂಪಾದಕ